ಜಗಲಿಯಲ್ಲಿ ಪ್ಯಾರಲಲ್ ಬಾರ್ ಕಟ್ಟಿದ್ದು, ಬಿಚ್ಚಿದ್ದು, ಮತ್ತೆ ಕಟ್ಟಿದ್ದು

ಫೆಬ್ರವರಿಯಲ್ಲಿ ಅಪ್ಪಯ್ಯನಿಗೆ ಸ್ಟ್ರೋಕ್ ಆಯ್ತು. ಮೆದುಳಿನ ಬಲಭಾಗಕ್ಕೆ ಪೆಟ್ಟು, ಹಾಗಾಗಿ ಎಡಗೈ ಎಡಗಾಲು ಬಿದ್ದವು. ಮಾತು ಉಳಿಯಿತು. ಮಾತಾದರೂ ಉಳಿಯಿತಲ್ಲ ಅಂತ ಆಗ ನಮಗೆ ದೊಡ್ಡ ಸಮಾಧಾನ. ಆಮೇಲೆ ಅವರು ಮತ್ತೆ ನಡೆಯೋದು ಕಲಿಯೋಕೆ ಎರಡೂ ಕಡೆ ಹಿಡಿದುಕೊಳ್ಳುವ ಜೋಡಿ ಸರಳು, ಅಂದರೆ ಈ ಪ್ಯಾರಲಲ್ ಬಾರ್, ನಾನು ಕಟ್ಟುವಾಗ ಮಾಡಿದ ಒಂದೊಂದು ತಪ್ಪಿಗೂ ಅವರು ಕುರ್ಚಿಯಲ್ಲಿ ಕೂತು ಕ್ರಿಕೆಟ್ ಕಾಮೆಂಟರಿ ಥರ ಹೇಳುತ್ತಾ ಹೋದರು. ಆ ತಪ್ಪುಗಳನ್ನೇ ಇಲ್ಲಿ ಬರೆದಿಡುತ್ತಿದ್ದೇನೆ. ಮನೆಯಲ್ಲಿ ಇಂಥದ್ದು ಕಟ್ಟುವವರಿಗೆ ಒಂದೆರಡು ಸಾವಿರ ರೂಪಾಯಿ ಉಳಿದೀತು.

ನಮ್ಮ ಮನೆ ತೀರ್ಥಹಳ್ಳಿಯಿಂದಲೂ ಒಳಗೆ. ಶಿವಮೊಗ್ಗಕ್ಕೆ ಹೋಗಿ ಅರ್ಧ ಗಂಟೆ ಫಿಸಿಯೋಥೆರಪಿ ಮಾಡಿಸಿಕೊಂಡು ಬರೋದು ಅಂದರೆ ಇಡೀ ದಿನದ ಕೆಲಸ. ವಾಪಸ್ ಬರುವಷ್ಟರಲ್ಲಿ ಅಪ್ಪಯ್ಯ ಕಾರಿನಲ್ಲೇ ಸುಸ್ತಾಗಿ ನಿದ್ದೆ. ಮೂರನೇ ವಾರ ಫಿಸಿಯೋ ಮೇಡಂ ಅವರೇ ಹೇಳಿದರು: "ವಾರಕ್ಕೆ ಎರಡು ಸಲ ಇಲ್ಲಿಗೆ ಬರೋದಕ್ಕಿಂತ ಮನೆಯಲ್ಲೇ ದಿನಕ್ಕೆ ಮೂರು ಸಲ ಹತ್ತತ್ತು ನಿಮಿಷ ನಿಂತು ನಡೆದರೆ ಜಾಸ್ತಿ ಉಪಯೋಗ. ಜಾಗ ಇದೆಯಾ?" ಜಾಗ ಇತ್ತು. ಹಳೇ ಮನೆ, ಜಗಲಿ 18 ಅಡಿ ಉದ್ದ, 7 ಅಡಿ ಅಗಲ. ವಾರಕ್ಕೊಮ್ಮೆ ಮನೆಗೆ ಬಂದು ನೋಡುತ್ತೇನೆ ಅಂತ ಅವರೂ ಒಪ್ಪಿಕೊಂಡರು.

ರೆಡಿಮೇಡ್ ಬಾರಿಗೆ ವಿಚಾರಿಸಿದೆ. ಸಾಗಾಣಿಕೆ ಸೇರಿ ಇಪ್ಪತ್ತು ಸಾವಿರದ ಮೇಲೆ ಹೇಳಿದರು. ಮೊಬೈಲಿನಲ್ಲಿ ಹುಡುಕಿದರೆ ಬರೀ ಜಿಮ್ನಾಸ್ಟಿಕ್ಸ್ ಬಾರ್ ಬರುತ್ತಿತ್ತು. ಅದೂ ಎರಡು ಸರಳೇ, ಹೆಸರೂ ಅದೇ. 1811ರಲ್ಲಿ ಬರ್ಲಿನ್ನಿನಲ್ಲಿ ಬಯಲು ಗರಡಿ ಶುರು ಮಾಡಿದ ಫ್ರೀಡ್ರಿಕ್ ಯಾನ್ ಕಾಲದ ಸಾಮಾನು ಅದು. ಮೂರೂವರೆ ಮೀಟರ್ ಉದ್ದ, ಆಳೆತ್ತರ. ಅದು ಬೇಕಂತಲೇ ಬಾಗಬೇಕು, ಪುಟಿಯಬೇಕು. ನಮಗೆ ಬೇಕಾಗಿದ್ದು ಅದರ ತದ್ವಿರುದ್ಧ. ಒಂದು ಕೂದಲೆಳೆಯಷ್ಟೂ ಅಲುಗಬಾರದು. ಇಷ್ಟು ಸುಲಭದ ವಿಷಯ ನನ್ನ ತಲೆಗೆ ಹೋಗೋಕೆ ಎರಡು ತಿಂಗಳು ಬೇಕಾಯ್ತು.

ಮೊದಲು ಬಿದಿರು

ಕೈಯಲ್ಲಿದ್ದದ್ದು ಬಿದಿರು. ಅಂಗಳದಲ್ಲಿ ನಾಲ್ಕು ಗೂಟ ಹುಗಿದು, ಮೇಲೆ ಎರಡು ಗಳ ಇಟ್ಟು ಹಗ್ಗದಲ್ಲಿ ಬಿಗಿದೆ. ಅರ್ಧ ದಿನದ ಕೆಲಸ, ಖರ್ಚು ಸೊನ್ನೆ. ಅಪ್ಪಯ್ಯ ನೋಡಿ, "ಇದೆಂತ ಮಾರಾಯ, ಸಂಕ ಕಟ್ಟಿದ್ದೀಯಲ್ಲ. ಕೆಳಗೆ ಹಳ್ಳ ಒಂದಿಲ್ಲ ಅಷ್ಟೆ" ಅಂದರು. ಸಂಕ ಅಂದರೆ ನಮ್ಮ ಕಡೆ ಹಳ್ಳ ದಾಟೋಕೆ ಹಾಕುವ ಕಾಲುಸೇತುವೆ. ಅವತ್ತಿನಿಂದ ಮನೆಯಲ್ಲಿ ಅದಕ್ಕೆ ಸಂಕ ಅಂತಲೇ ಹೆಸರು.

ಬಿದಿರಿನ ಸಂಕದಲ್ಲಿ ಅವರು ನಾಲ್ಕು ಹೆಜ್ಜೆ ಇಟ್ಟರು. ಅಮ್ಮ ಅತ್ತೇಬಿಟ್ಟರು. ಆದರೆ ನಡೆಯುವಾಗ ಗಳ ಕಿರುಗುಟ್ಟಿ ಅತ್ತಿತ್ತ ಆಡುತ್ತಿತ್ತು. ಅದು ಆಡಿದ ಹಾಗೆಲ್ಲ ಅವರ ಬಲಗೈ ಮುಷ್ಟಿ ಬಿಗಿಯಾಗುತ್ತಿತ್ತು, ಭುಜ ಕಿವಿಯ ಹತ್ತಿರ ಏರುತ್ತಿತ್ತು. ಬಿದಿರಿನ ಗೆಣ್ಣು ಅಂಗೈಗೆ ಒತ್ತುತ್ತಿತ್ತು. ಏಪ್ರಿಲ್‌ನಲ್ಲಿ ಒಂದು ಅಡ್ಡ ಮಳೆ ಬಂದು ಗೂಟಗಳೆಲ್ಲ ಸಡಿಲಾದವು. ಅಲ್ಲಿಗೆ ಅದರ ಕಥೆ ಮುಗಿಯಿತು.

ಬಿದಿರಿನದು ಕೆಲಸಕ್ಕೆ ಬರೋದಿಲ್ಲ ಅಂತ ನಾನು ಹೇಳುತ್ತಿಲ್ಲ. ಗೆಣ್ಣು ಚೆನ್ನಾಗಿ ಹೆರೆದು, ನಡುವೆ ಇನ್ನೊಂದು ಜೊತೆ ಗೂಟ ಹಾಕಿ, ಮೇಲೊಂದು ಚಪ್ಪರ ಮಾಡಿದ್ದರೆ ಅದೇ ಸಾಕಿತ್ತೇನೋ. ನನಗೆ ಕಬ್ಬಿಣದ ಹುಚ್ಚು ಹಿಡಿದಿತ್ತು, ಅಷ್ಟೆ.

ಒಂದೂವರೆ ಇಂಚು ಅಂದರೆ ಎಷ್ಟು?

ಹಿಡಿಯುವ ಸರಳು ಒಂದೂಕಾಲಿಂದ ಒಂದೂವರೆ ಇಂಚು ದಪ್ಪ ಇರಬೇಕು ಅಂತ ಮೇಡಂ ಹೇಳಿದ್ದರು. ನಾನು ಹಾರ್ಡ್‌ವೇರ್ ಅಂಗಡಿಗೆ ಹೋಗಿ, "ಒಂದೂವರೆ ಇಂಚು ಜಿಐ ಪೈಪು, ಬಿ ಕ್ಲಾಸು, ಒಂದು ಲೆಂತ್ ಕೊಡಿ" ಅಂದೆ. ಜಿಐ ಅಂದರೆ ಸತು ಹೊದಿಸಿದ ಕಬ್ಬಿಣದ ನೀರಿನ ಪೈಪು, ಬಿ ಕ್ಲಾಸು ಅಂದರೆ ಮಧ್ಯಮ ದಪ್ಪದ್ದು. ಗೂಡ್ಸ್ ಆಟೋದಲ್ಲಿ ಮನೆಗೆ ಬಂತು. ಇಳಿಸುವಾಗಲೇ ಯಾಕೋ ಬೊಜ್ಜು ಬಂದ ಹಾಗೆ ಕಾಣಿಸಿತು. ಅಪ್ಪಯ್ಯನ ಕೈಗೆ ಹಿಡಿಸಿದೆ. ಹೆಬ್ಬೆರಳಿಗೂ ನಡುಬೆರಳಿಗೂ ಮಧ್ಯೆ ಎರಡು ಬೆರಳು ಜಾಗ ಖಾಲಿ. "ಇದು ಹಿಡಿಯೋಕೋ, ತಬ್ಬಿಕೊಳ್ಳೋಕೋ?" ಅಂತ ಕೇಳಿದರು.

ವರ್ನಿಯರ್ ಇಟ್ಟು ನೋಡಿದರೆ 48 ಮಿ.ಮೀ. ಅಂದರೆ ಹತ್ತಿರ ಹತ್ತಿರ ಎರಡು ಇಂಚು! ನೀರಿನ ಪೈಪಿಗೆ ಹೇಳುವ ಇಂಚು ಹೊರಗಿನ ಅಳತೆ ಅಲ್ಲ, ನೀರು ಹೋಗುವ ತೂತಿನ ಲೆಕ್ಕದ್ದು. ಅದೂ ಬರೀ ಹೆಸರಿಗೆ. ಒಂದು ಇಂಚಿನ ಪೈಪಿನ ಹೊರಮೈ 33.7 ಮಿ.ಮೀ., ಒಂದೂಕಾಲು ಇಂಚಿನದು 42.4, ಒಂದೂವರೆ ಇಂಚಿನದು 48.3. ಮೆಟ್ಟಿಲ ಕಟಾಂಜನಕ್ಕೆ ಹಾಕುವ ಸ್ಟೀಲ್ ಪೈಪಿನಲ್ಲಿ ಹಾಗಲ್ಲ, ಅಲ್ಲಿ ಒಂದೂವರೆ ಅಂದರೆ ಹೊರಗಿನಿಂದಲೇ 38. ಒಂದೇ ಅಂಗಡಿ, ಒಂದೇ ಗೋಡೆಗೆ ಒರಗಿಸಿದ ಎರಡು ಪೈಪು, ಇಂಚಿನ ಅರ್ಥ ಮಾತ್ರ ಬೇರೆ ಬೇರೆ. ಕಟ್ ಮಾಡಿರಲಿಲ್ಲ ಅಂತ ಅಂಗಡಿಯವರು ವಾಪಸ್ ತಗೊಂಡರು. ಆಟೋ ಬಾಡಿಗೆ ಎರಡೂ ಸಲದ್ದು ನನ್ನ ತಲೆಗೆ.

ಕೊನೆಗೆ ತಂದದ್ದು ಒಂದು ಇಂಚಿನದು ಎರಡು ಲೆಂತ್, ಒಂದೂಕಾಲು ಇಂಚಿನದು ಒಂದು ಲೆಂತ್. ಎಲ್ಲ ಬಿ ಕ್ಲಾಸ್. ಪೈಪಿನ ಮೇಲೆ ನೀಲಿ ಪಟ್ಟಿ ಇದ್ದರೆ ಬಿ, ಹಳದಿ ಇದ್ದರೆ ಎ, ಕೆಂಪು ಇದ್ದರೆ ಸಿ. ಎ ಕ್ಲಾಸ್ ತೆಳು, ಸಿ ಕ್ಲಾಸ್ ನಮಗೆ ಸುಮ್ನೆ ಭಾರ. ಒಂದು ಲೆಂತ್ ಅಂದರೆ 6 ಮೀಟರ್, ಅದನ್ನು ಸರಿಯಾಗಿ ನಡುವೆ ಕುಯ್ದರೆ ಹತ್ತು ಹತ್ತು ಅಡಿಯ ಎರಡು ಸರಳು. ಕಾಲುಗಳಿಗೆ ಒಂದೂಕಾಲು ಇಂಚಿನ ಪೈಪು 55 ಸೆಂ.ಮೀ., ಅದರೊಳಗೆ ಮೇಲೆ ಕೆಳಗೆ ಜಾರುವ ಹಾಗೆ ಒಂದು ಇಂಚಿನದು 40 ಸೆಂ.ಮೀ. ತೂತು ಹೊಡೆದು 10 ಮಿ.ಮೀ. ಬೋಲ್ಟ್ ಹಾಕಿದರೆ ಎತ್ತರ ಬದಲಾಯಿಸಬಹುದು. ಒಂದೊಂದು ಇಂಚಿಗೆ ಒಂದು ತೂತು. ಸರಳಿನ ಮೇಲ್ಮೈ 67 ಸೆಂ.ಮೀ.ನಿಂದ 91ರವರೆಗೆ ಎಲ್ಲಿ ಬೇಕಾದರೂ ನಿಲ್ಲುತ್ತದೆ.

ಅಲ್ಲೂ ಒಂದು ಎಡವಟ್ಟು. ಹೊರಗಿನ ಪೈಪಿನ ಒಳಮೈ 36, ಒಳಗಿನ ಪೈಪಿನ ಹೊರಮೈ 33.7. ಮಧ್ಯೆ ಎರಡು ಮಿ.ಮೀ. ಚಿಲ್ಲರೆ ಗಾಳಿ. ಬೋಲ್ಟ್ ಹಾಕಿದರೂ ಮುಟ್ಟಿದರೆ ಸಾಕು, ದೇವಸ್ಥಾನದ ಗಂಟೆ ಥರ ಟಣ್ ಟಣ್. ಹೊರ ಪೈಪಿನ ಬಾಯಿಯ ಹತ್ತಿರ ಪಕ್ಕಪಕ್ಕದ ಎರಡು ಮುಖಕ್ಕೆ ನಟ್ ವೆಲ್ಡ್ ಮಾಡಿಸಿ, ಅದರಲ್ಲಿ ಬೋಲ್ಟ್ ತಿರುಗಿಸಿ ಒಳ ಪೈಪನ್ನು ಒಂದು ಮೂಲೆಗೆ ಒತ್ತಿ ಹಿಡಿದ ಮೇಲೆ ಸದ್ದು ನಿಂತಿತು. ಭಾರ ಹೊರೋದು ಅಡ್ಡ ಬೋಲ್ಟು, ಅಲುಗದ ಹಾಗೆ ನೋಡಿಕೊಳ್ಳೋದು ಈ ಎರಡು ಪುಟ್ಟ ಬೋಲ್ಟು.

ವೆಲ್ಡಿಂಗ್

ಜಿಐ ಪೈಪಿನ ಮೇಲೆ ಇರುವ ಸತು ಸುಟ್ಟರೆ ಬಿಳಿ ಹೊಗೆ ಬರುತ್ತದೆ. ಅದನ್ನು ಕುಡಿದರೆ ಸಂಜೆಗೆ ಮಲೇರಿಯಾ ಥರ ಚಳಿಜ್ವರ. ಹಾಲು ಕುಡಿದರೆ ಏನೂ ಆಗಲ್ಲ ಅಂತ ವೆಲ್ಡಿಂಗ್‌ನವರಲ್ಲಿ ಒಂದು ನಂಬಿಕೆ ಇದೆ. ಹಾಲು ಹೋಗೋದು ಹೊಟ್ಟೆಗೆ, ಹೊಗೆ ಹೋಗೋದು ಶ್ವಾಸಕೋಶಕ್ಕೆ. ನಾವು ಮಾಡಿದ್ದು ಇಷ್ಟೇ: ಬೆಸೆಯುವ ಜಾಗದಲ್ಲಿ ಗ್ರೈಂಡರ್ ಹಿಡಿದು ಸತು ಪೂರಾ ತೆಗೆದು, ಶೆಡ್ಡಿನಿಂದ ಹೊರಗೆ ತಂದು, ಗಾಳಿಗೆ ಬೆನ್ನು ಮಾಡದೆ ಪಕ್ಕ ಕೊಟ್ಟು ಕೂತು ವೆಲ್ಡ್ ಮಾಡಿದ್ದು. ಯಾರಿಗೂ ಜ್ವರ ಬರಲಿಲ್ಲ.

ನೆಲ ಅಂತ ನಂಬಿದ್ದು ನೆಲ ಆಗಿರಲಿಲ್ಲ

ಕಾಲುಗಳ ಕೆಳಗೆ ಪ್ಲೇಟು ಇಟ್ಟು, ಜಗಲಿಗೆ ಡ್ರಿಲ್ ಮಾಡಿ ಆಂಕರ್ ಬೋಲ್ಟ್ ಹೊಡೆಯೋದು ನನ್ನ ಪ್ಲಾನು. ಕೆಂಪು ಆಕ್ಸೈಡ್ ಹಾಕಿದ ನೆಲ, ಕನ್ನಡಿ ಥರ ಹೊಳೆಯುತ್ತದೆ. ಅಮ್ಮನಿಗೆ ಅದರ ಮೇಲೆ ತೂತು ಹೊಡೆಯೋದು ಒಂಚೂರೂ ಇಷ್ಟವಿರಲಿಲ್ಲ. ಆದರೂ ಒಪ್ಪಿದರು. ಮೊದಲನೇ ತೂತು ಎರಡು ಇಂಚು ಹೋಗುವಷ್ಟರಲ್ಲಿ ಡ್ರಿಲ್ ಬಿಟ್ ಸರ್ ಅಂತ ಒಳಗೆ ಇಳಿಯಿತು. ಹೊರಗೆ ಬಂದದ್ದು ಮಣ್ಣು. ಹಳೇ ಮನೆಗಳ ಜಗಲಿ ಹಾಗೇ ಅಲ್ವಾ, ಮಣ್ಣು ತುಂಬಿ, ಕುಟ್ಟಿ, ಮೇಲೊಂದು ತೆಳು ಗಾರೆ. ಬೋಲ್ಟ್ ಬಿಗಿ ಮಾಡಿದರೆ ಹಲ್ಲು ಕಿತ್ತ ಹಾಗೆ ಮೇಲೆ ಬಂತು. ಆ ಒಂದು ತೂತು ಇನ್ನೂ ಹಾಗೇ ಇದೆ. ಅಮ್ಮ ದಿನಾ ಗುಡಿಸುವಾಗ ಅದರ ಹತ್ತಿರ ಒಂದು ಕ್ಷಣ ನಿಲ್ಲುತ್ತಾರೆ.

ಸರಿ, ನೆಲಕ್ಕೆ ಕಚ್ಚಿಸದೆ ತನ್ನ ಪಾಡಿಗೆ ನಿಲ್ಲುವ ಹಾಗೆ ಮಾಡಬೇಕು. ಮೂರು ಇಂಚು ಅಗಲ, 6 ಮಿ.ಮೀ. ದಪ್ಪದ ಕಬ್ಬಿಣದ ಪಟ್ಟಿ, ಮೂರು ಮೂರು ಅಡಿ ಉದ್ದ. ಎಡ ಬಲದ ಕಾಲುಗಳನ್ನು ಅದರ ಮೇಲೆ ನಿಲ್ಲಿಸಿ, ಎರಡೂ ಕಡೆ ಪಟ್ಟಿ 20 ಸೆಂ.ಮೀ. ಹೊರಗೆ ಚಾಚಿಕೊಳ್ಳುವ ಹಾಗೆ ಬಿಟ್ಟೆವು. ಆ ಚಾಚಿದ ತುದಿಯಿಂದ ಕಾಲಿಗೆ ಓರೆಯಾಗಿ ಒಂದು ಟೇಕು. ಉದ್ದಕ್ಕೆ, ಕಾಲುಗಳ ಹೊರಬದಿಗೆ, ಕೆಳಗೆ ಒಂದಿಂಚಿನ ಆಂಗಲ್, ಅಂದರೆ ಎಲ್ ಆಕಾರದ ಕಬ್ಬಿಣ. ಪಟ್ಟಿಯ ಹೊರತುದಿಗಳ ಮೇಲೆ ಸಿಮೆಂಟ್ ಚೀಲದಲ್ಲಿ ಮರಳು ತುಂಬಿ ಇಟ್ಟೆವು. ಪಕ್ಕಕ್ಕೆ ಎಷ್ಟು ನೂಕಿದರೂ ಏಳಲಿಲ್ಲ.

ನಾನು ಹಿಗ್ಗಿದೆ. ಮೇಡಂ ಬಂದವರು ಬಾರ್ ನೋಡಲೇ ಇಲ್ಲ, ನೆಲ ನೋಡಿದರು. "ಈ ಪಟ್ಟಿಗೆ ಅವರ ಎಡಗಾಲು ತಗುಲುತ್ತೆ" ಅಂದರು. ಆರು ಮಿಲಿಮೀಟರ್, ಒಂದು ಪೆನ್ಸಿಲ್‌ನಷ್ಟೂ ಇಲ್ಲ, ಅದು ತಗುಲುತ್ತಾ? ಸ್ಟ್ರೋಕ್ ಆದ ಹಲವರಿಗೆ ಪಾದದ ಮುಂಭಾಗ ಎತ್ತೋಕೆ ಆಗೋದಿಲ್ಲ, ಬೆರಳು ನೆಲ ಕೆರೆದುಕೊಂಡೇ ಬರುತ್ತದೆ. ನಮಗೆ ಕಾಣದ ಎತ್ತರ ಅವರಿಗೆ ಮೆಟ್ಟಿಲು.

ಪರಿಹಾರ ಪಟ್ಟಿಯ ದಪ್ಪದಲ್ಲೇ ಇತ್ತು. 6 ಮಿ.ಮೀ. ಪ್ಲೈವುಡ್ ತಂದು, ಪಟ್ಟಿ ಮತ್ತು ಪಟ್ಟಿಯ ಮಧ್ಯೆ ಸರಿಯಾಗಿ ಕೂರುವ ಹಾಗೆ ಕತ್ತರಿಸಿ ಹಾಸಿದೆ. ಎಲ್ಲ ಒಂದೇ ಮಟ್ಟ. ಮೇಲೆ ಒಂದೇ ಉದ್ದನೆಯ ರಬ್ಬರ್ ಮ್ಯಾಟ್. ಎರಡೂ ತುದಿಯಲ್ಲಿ ಮ್ಯಾಟ್ ಪಟ್ಟಿಗಿಂತ ಮುಂದೆ ಹೋಗಿ ನೆಲಕ್ಕೆ ಇಳಿಯುವ ಕಡೆ ಪಟ್ಟಿಯ ಅಂಚನ್ನು ಗ್ರೈಂಡರಿನಲ್ಲಿ ಇಳಿಜಾರು ಮಾಡಿದೆ. ಆಕ್ಸೈಡ್ ನೆಲ ಜಾರುವ ಚಿಂತೆಯೂ ಹೋಯ್ತು.

ಮೂರನೇ ಕಾಲು

ಮೊದಲು ಒಂದೊಂದು ಸರಳಿಗೆ ಎರಡೇ ಕಾಲು ಹಾಕಿದ್ದೆ. ನಡುವೆ ಕಾಲು ಬಂದರೆ ಸರಳಿನ ಮೇಲೆ ಜಾರಿಸಿಕೊಂಡು ಬರುವ ಕೈಗೆ, ಕೆಳಗೆ ಮಡಚಿದ ಬೆರಳಿಗೆ ಅಡ್ಡ ಆಗುತ್ತದೆ ಅಂತ. ಯೋಚನೆ ಸರಿಯೇ. ಆದರೆ ನಾನು ನಡುಮಧ್ಯೆ ನಿಂತು ಎರಡೂ ಕೈ ಊರಿ ಭಾರ ಹಾಕಿದೆ, ಸರಳು ಕಣ್ಣಿಗೆ ಕಾಣುವ ಹಾಗೆ ಬಾಗಿತು. ವೆಲ್ಡಿಂಗ್‌ನವರು ನಕ್ಕರು. "ಸಾರ್, ಬಟ್ಟೆ ಒಣಗಿಸೋಕಾದ್ರೆ ಸಾಕು."

ರಾತ್ರಿ ಕೂತು ಲೆಕ್ಕ ಹಾಕಿದೆ. ಡಿಪ್ಲೊಮಾದಲ್ಲಿ ಕಲಿತದ್ದು ಇಪ್ಪತ್ತು ವರ್ಷದ ಮೇಲೆ ಕೆಲಸಕ್ಕೆ ಬಂತು. ಮೂರು ಮೀಟರ್ ಅಂತರದಲ್ಲಿ ಬರೀ ಎರಡು ತುದಿಗೆ ಆತುಕೊಂಡ ಒಂದು ಇಂಚಿನ ಬಿ ಕ್ಲಾಸ್ ಪೈಪಿನ ನಡುವೆ 40 ಕೆ.ಜಿ. ಬಿದ್ದರೆ ಸುಮಾರು 31 ಮಿ.ಮೀ. ಬಾಗುತ್ತದೆ. ಅಂತರ ಅರ್ಧ ಆದರೆ ಬಾಗು ಅರ್ಧ ಆಗೋದಲ್ಲ, ಎಂಟನೇ ಒಂದು ಭಾಗ ಆಗುತ್ತದೆ. ನಡುವೆ ಒಂದು ಕಾಲು ಕೊಟ್ಟರೆ ಅದೇ 40 ಕೆ.ಜಿ.ಗೆ ಹೆಚ್ಚೆಂದರೆ 4 ಮಿ.ಮೀ. ದಪ್ಪ ಪೈಪು ಹಾಕುವುದಕ್ಕಿಂತ ಇದು ಅಗ್ಗ, ಕೈಗೂ ಹಿತ.

ಬೆರಳಿನ ತೊಂದರೆಗೆ ದಾರಿ ಹೀಗೆ ಮಾಡಿದೆವು. ಕಾಲಿನ ಪೈಪನ್ನು ಸರಳಿಗೆ ನೇರವಾಗಿ ಮುಟ್ಟಿಸದೆ ಮೂರು ಇಂಚು ಕೆಳಗೇ ನಿಲ್ಲಿಸಿ, ಮಧ್ಯೆ 16 ಮಿ.ಮೀ. ರಾಡಿನ ತುಂಡು ಬೆಸೆದೆವು. ಕೊಕ್ಕರೆಯ ಕುತ್ತಿಗೆ ಥರ. ದಪ್ಪ ಕಾಲಿನ ಬದಲು ತೆಳು ಕುತ್ತಿಗೆ, ಬೆರಳು ಸ್ವಲ್ಪ ಸಡಿಲ ಬಿಟ್ಟರೆ ದಾಟಿಹೋಗುತ್ತದೆ. ಆರೂ ಕಾಲಿಗೆ ಹಾಗೇ ಮಾಡಿದೆವು. ಮೊದಲು ತಂದ ಪೈಪಿನಲ್ಲೇ ಎಲ್ಲ ಆಯ್ತು, ಟೇಕಿಗೂ ಸೇರಿ.

ಅಳತೆ

ಇದನ್ನು ಮೊದಲೇ ಬರೆಯಬೇಕಿತ್ತು. ನಾನೂ ಮೊದಲೇ ಮಾಡಬೇಕಿತ್ತು.

ಕೈ ಸುಮ್ಮನೆ ಇಳಿಬಿಟ್ಟು ನಿಂತಾಗ ಮಣಿಕಟ್ಟಿನ ಗೆರೆ ಎಲ್ಲಿ ಬರುತ್ತದೋ ಅಲ್ಲಿಗೆ ಸರಳಿನ ಮೇಲ್ಮೈ ಬರಬೇಕು. ಆಗ ಸರಳು ಹಿಡಿದರೆ ಮೊಣಕೈ ಸ್ವಲ್ಪ ಬಾಗಿರುತ್ತದೆ, 20ರಿಂದ 30 ಡಿಗ್ರಿ. ಎತ್ತರ ಜಾಸ್ತಿಯಾದರೆ ಭುಜ ಮೇಲೇರುತ್ತದೆ, ಒತ್ತೋಕೆ ಬಲ ಸಿಗೋದಿಲ್ಲ. ಕಡಿಮೆಯಾದರೆ ಮುಂದಕ್ಕೆ ಬಗ್ಗಿ ಗೂನು ಬಂದವರ ಹಾಗೆ ನಡೆಯುತ್ತಾರೆ. ಅಗಲಕ್ಕೆ, ಸೊಂಟದ ಎರಡೂ ಕಡೆ ಎರಡೆರಡು ಇಂಚು ಬಿಡಬೇಕು. ಅಪ್ಪಯ್ಯನ ಸೊಂಟ 36 ಸೆಂ.ಮೀ., ಹಾಗಾಗಿ ಸರಳುಗಳ ಮಧ್ಯೆ 46.

ಗೋಡೆಗೆ ಒರಗಿಸಿ ನಿಲ್ಲಿಸಿ, ಬಲಗೈ ಇಳಿಬಿಡಿಸಿ, ಅಳೆದೆ. 80 ಸೆಂ.ಮೀ. ಅದರಂತೆ ಬೋಲ್ಟ್ ಹಾಕಿದೆ. ಮೇಡಂ ಬಂದು ಅವರಿಗೆ ಪಾದ ಎತ್ತಿ ಹಿಡಿಯುವ ಪ್ಲಾಸ್ಟಿಕ್ ಪಟ್ಟಿ ತೊಡಿಸಿ, ಮೇಲೆ ಶೂ ಹಾಕಿಸಿ ನಿಲ್ಲಿಸಿದರೆ ಅಪ್ಪಯ್ಯ ಮುಂದಕ್ಕೆ ಬಾಗಿದರು. ಬರಿಗಾಲಲ್ಲಿ ಅಳೆದಿದ್ದೆ. ಶೂ ಎರಡು ಸೆಂ.ಮೀ. ಎತ್ತಿತು. ಅದಲ್ಲದೆ ನಾನು ಟೇಪ್ ಇಟ್ಟದ್ದು ಜಗಲಿಯ ನೆಲದಿಂದ. ಅವರು ನಿಂತಿದ್ದು ಪ್ಲೈ ಮತ್ತು ಮ್ಯಾಟಿನ ಮೇಲೆ, ಅದು ಇನ್ನೊಂದು ಸೆಂ.ಮೀ.ಗೂ ಮೇಲೆ. ಬೋಲ್ಟ್ ಬಿಚ್ಚಿ ಒಂದೊಂದು ತೂತು ಏರಿಸಿದೆ, ಬಾಗಿದ್ದು ಮುಕ್ಕಾಲು ಪಾಲು ಹೋಯ್ತು. "ಚಪ್ಪಲಿ ಹಾಕಿಸಿ ಅಳತೆ ತಗೋಬೇಕು ಅಂತ ಒಬ್ಬ ಟೈಲರಿಗೂ ಗೊತ್ತಿರುತ್ತೆ, ಪ್ಯಾಂಟ್ ಹೊಲಿಯೋನಿಗೆ" ಅಂದರು ಅಪ್ಪಯ್ಯ. ಉತ್ತರ ಕೊಡಲಿಲ್ಲ.

ಸಂಕದ ಮೇಲೆ

ಶುರು ಮಾಡುವ ಮುಂಚೆ ಬಿಪಿ ನೋಡುತ್ತೇವೆ. ಸಂಕದ ಈ ತುದಿಗೆ ಕೈ ಇರುವ ಗಟ್ಟಿ ಕುರ್ಚಿ, ಆ ತುದಿಗೂ ಒಂದು. ಸೊಂಟಕ್ಕೆ ಅಗಲದ ಬಟ್ಟೆ ಬೆಲ್ಟು, ಹಿಡಿಯುವವರಿಗೆ. ನಿಲ್ಲಬೇಕಾದದ್ದು ಸೋತ ಕಡೆ, ಸ್ವಲ್ಪ ಹಿಂದೆ. ನನಗೆ ಮೊದಲು ಅಭ್ಯಾಸ ಆಗಿದ್ದು ಮುಂದೆ ನಿಂತು ಕೈ ಹಿಡಿದು ಎಳೆಯೋದು, ಮಕ್ಕಳಿಗೆ ನಡೆಯೋಕೆ ಕಲಿಸುವ ಹಾಗೆ. ಮೇಡಂ ನನ್ನ ಕೈ ಬಿಡಿಸಿದರು. ಸೋತ ಕೈಯನ್ನು ಎಳೆದರೆ ಭುಜದ ಕೀಲು ಜಾರುತ್ತದಂತೆ, ಆಮೇಲೆ ಆ ನೋವು ಕಾಲಿಗಿಂತ ದೊಡ್ಡ ಕಥೆ.

ಏಳುವಾಗ ಬಾರ್ ಹಿಡಿದು ಎಳೆದುಕೊಂಡು ಏಳುವ ಹಾಗಿಲ್ಲ. ಕುರ್ಚಿಯ ಕೈ ಒತ್ತಿ ಏಳಬೇಕು, ನಿಂತ ಮೇಲೆ ಬಾರಿಗೆ ಕೈ. ಮೇಡಂ ಅವರ ಎಡಗೈ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಸರಳಿನ ಮೇಲೆ ಇಟ್ಟು ತಮ್ಮ ಅಂಗೈಯಿಂದ ಮುಚ್ಚಿ ಹಿಡಿದರು. ಬಲಗೈ ಒಂದು ಗೇಣು ಮುಂದೆ. ಆಮೇಲೆ ಎಡಗಾಲು. ಆಮೇಲೆ ಬಲಗಾಲು. ಬಲಗಾಲು ಎತ್ತಿದ ಕೂಡಲೇ ಎಡ ಮಂಡಿ ಚಕ್ಕನೆ ಮಡಚಿತು, ಮೇಡಂ ತಮ್ಮ ಮಂಡಿಯನ್ನು ಅದಕ್ಕೆ ಒಡ್ಡಿ ನಿಲ್ಲಿಸಿದರು. ಹತ್ತು ಅಡಿ ದಾಟೋಕೆ ಆರು ನಿಮಿಷ. ನಾನು ಅವತ್ತು ನೋಡಿದ್ದು ಬಾರನ್ನು. ಎಲ್ಲೂ ಅಲುಗಲಿಲ್ಲ.

ಮಾರನೇ ದಿನ ಬೆಳಿಗ್ಗೆ ಅಪ್ಪಯ್ಯ, "ಸರಳು ಮಂಜುಗಡ್ಡೆ ಥರ ಇದೆ" ಅಂದರು. ಸೈಕಲ್ ಟ್ಯೂಬ್ ಕತ್ತರಿಸಿ ಸುತ್ತಿಬಿಟ್ಟೆ. ಬೆಚ್ಚಗೇನೋ ಆಯ್ತು, ಕೈ ಜಾರದೆ ಅಲ್ಲೇ ಅಂಟಿಕೊಂಡಿತು. ಸಂಜೆಗೆ ಬಿಚ್ಚಿ ಬಿಸಾಡಿದೆ. ಈಗ ಶುರು ಮಾಡುವ ಮುಂಚೆ ಬಿಸಿನೀರಲ್ಲಿ ಹಿಂಡಿದ ಬಟ್ಟೆಯಿಂದ ಸರಳು ಒರೆಸುತ್ತೇವೆ, ಅಷ್ಟು ಸಾಕು.

ಹಳೇ ಬೀರುವಿನ ಬಾಗಿಲ ಕನ್ನಡಿ ತೆಗೆದು ಆ ತುದಿಗೆ ನಿಲ್ಲಿಸಿದೆ. ಅವರಿಗೆ ತಾವು ಬಲಕ್ಕೆ ವಾಲಿದ್ದು ಗೊತ್ತೇ ಆಗುತ್ತಿರಲಿಲ್ಲ, ಕನ್ನಡಿ ನೋಡಿ ನೆಟ್ಟಗಾಗುತ್ತಿದ್ದರು. ಎಲ್ಲರಿಗೂ ಇದು ಆಗಿಬರೋದಿಲ್ಲವಂತೆ, ಕೆಲವರಿಗೆ ಎಡಬಲ ಇನ್ನೂ ಗೊಂದಲ ಆಗುತ್ತದೆ. ಮ್ಯಾಟಿನ ಮೇಲೆ ಎಡ ಪಾದ ಬೀಳಬೇಕಾದ ಕಡೆಗೆಲ್ಲ ಕೆಂಪು ಇನ್ಸುಲೇಷನ್ ಟೇಪು. ಕಾಲೆತ್ತಿ ದಾಟುವ ಅಭ್ಯಾಸಕ್ಕೆ ಅಡ್ಡ ಏನಿಡೋದು ಅಂತ ಯೋಚಿಸಿ ಅಡಿಕೆ ಹಾಳೆ ಸೀಳಿ ಕಮಾನು ಥರ ಬಗ್ಗಿಸಿ ಇಟ್ಟೆ. ಕಾಲು ತಗುಲಿದರೆ ಹಾಳೆ ಮುರಿಯುತ್ತದೆ, ಮನುಷ್ಯ ಎಡವೋದಿಲ್ಲ. ಈ ಇಡೀ ಕೆಲಸದಲ್ಲಿ ನನಗೆ ಹೆಮ್ಮೆ ಇರೋದು ಈ ಒಂದು ಹಾಳೆಯ ಬಗ್ಗೆ.

ತಕ್ಕಡಿ

ಮೂರನೇ ವಾರ ಅಪ್ಪಯ್ಯ ಸರಾಗ ಓಡಾಡುತ್ತಿದ್ದಾರೆ ಅಂತ ನಮಗೆಲ್ಲ ಖುಷಿ. ಮೇಡಂ ಮಾತ್ರ ಸುಮ್ಮನಿದ್ದರು. ತೂಕ ನೋಡುವ ಮೆಷಿನ್ ಎರಡು ಬೇಕು ಅಂದರು. ನಮ್ಮದೊಂದು, ಪಕ್ಕದ ಮನೆಯದೊಂದು. ಬಾರಿನ ಮಧ್ಯೆ ಅಕ್ಕಪಕ್ಕ ಇಟ್ಟು ಒಂದೊಂದರ ಮೇಲೆ ಒಂದೊಂದು ಕಾಲು ಇಡಿಸಿದರು. ಎಡಗಾಲಿನದು 14 ಕೆ.ಜಿ. ಬಲಗಾಲಿನದು 39.

ಅಪ್ಪಯ್ಯನ ತೂಕ 62. ಹದಿನಾಲ್ಕೂ ಮೂವತ್ತೊಂಬತ್ತೂ 53. ಇನ್ನು ಒಂಬತ್ತು ಕೆ.ಜಿ. ಎಲ್ಲಿ ಹೋಯ್ತು? ಎಲ್ಲರೂ ಅವರ ಬಲಗೈ ನೋಡಿದೆವು. ಬೆರಳ ಗಂಟು ಬೆಳ್ಳಗಾಗುವಷ್ಟು ಬಿಗಿಯಾಗಿ ಸರಳು ಹಿಡಿದಿದ್ದರು.

"ಅಡಿಕೆ ತೂಕದಲ್ಲಿ ಇಷ್ಟು ಕಳ್ಳತನ ಆಗಿದ್ರೆ ಮಂಡಿಯವನನ್ನ ಸುಮ್ನೆ ಬಿಡ್ತಿದ್ನಾ ನಾನು?" ಅಂದರು. ತಮಗೇ ತಮ್ಮ ಕಳ್ಳತನ ಸಿಕ್ಕಿಬಿದ್ದದ್ದು ಅವರಿಗೆ ಒಳ್ಳೇ ತಮಾಷೆ ಆಯ್ತು.

ಬಾರ್ ಗಟ್ಟಿಯಾದಷ್ಟೂ ಈ ಅಪಾಯ ಇದೆ. ಕೈಗೆ ಅಷ್ಟು ನಂಬಿಕೆ ಸಿಕ್ಕರೆ ಸೋತ ಕಾಲಿಗೆ ಕೆಲಸವೇ ಇರೋದಿಲ್ಲ. ಅಂದಿನಿಂದ ಬೆರಳು ಬಿಚ್ಚಿ, ಬರೀ ಅಂಗೈ ಊರಿ ನಡೆಯೋದು ನಿಯಮ. ಬೆರಳು ಮಡಚಿದರೆ ಅಮ್ಮ ಅಡುಗೆಮನೆಯಿಂದಲೇ ಕೂಗುತ್ತಿದ್ದರು. ಜೊತೆಗೆ ಬಾರಿನ ಒಳಗೇ ಪಕ್ಕಕ್ಕೆ ನಡೆಯೋದು, ಹಿಂದಕ್ಕೆ ನಡೆಯೋದು, ತಿರುಗೋದು. ಜೂನ್ ಕೊನೆಗೆ ಮತ್ತೆ ತೂಕ ಇಟ್ಟೆವು: ಎಡ 24, ಬಲ 34. ಕೈಯಲ್ಲಿ ಉಳಿದದ್ದು ನಾಲ್ಕೇ ಕೆ.ಜಿ. ಆ ವಾರವೇ ಬಲಗೈಗೆ ನಾಲ್ಕು ಕಾಲಿನ ಕೋಲು ಬಂತು. ಮೊದಲು ಬಾರಿನ ಒಳಗೆ ಕೋಲು, ಆಮೇಲೆ ಹೊರಗೆ.

ಮಳೆಗಾಲದ ರಿಪೇರಿ

ಜುಲೈನಲ್ಲಿ ನಮ್ಮ ಕಡೆ ಮಳೆ ಹೇಗೆ ಅಂತ ಹೇಳಬೇಕಿಲ್ಲ. ಜಗಲಿಗೆ ಎರಚಲು ಬಡಿದು ಸತು ತೆಗೆದು ವೆಲ್ಡ್ ಮಾಡಿದ ಜಾಗಗಳೆಲ್ಲ ಕೆಂಪಾದವು. ಅಪ್ಪಯ್ಯನ ಅಂಗೈಯಲ್ಲಿ ತುಕ್ಕಿನ ಕಲೆ. ಎಮೆರಿ ಪೇಪರ್ ಹಾಕಿ ಉಜ್ಜಿ, ಜಿಂಕ್ ಪ್ರೈಮರ್, ಮೇಲೆ ಸಿಲ್ವರ್ ಪೇಂಟು. ಬೆಸುಗೆಗೆ ಮಾತ್ರ. ಕೈ ಆಡುವ ಜಾಗಕ್ಕೆ ಪೇಂಟ್ ಹಚ್ಚಿದರೆ ಬೆವರಿಗೆ ಅಂಟುತ್ತದೆ, ಅದನ್ನು ಹಾಗೇ ಬಿಟ್ಟೆ.

ಅದಕ್ಕಿಂತ ಕೆಟ್ಟದ್ದು ಪ್ಲೈವುಡ್. ದುಡ್ಡು ಉಳಿಸೋಕೆ ಕಮರ್ಷಿಯಲ್ ಪ್ಲೈ ತಂದಿದ್ದೆ. ನೀರು ಕುಡಿದು ಹಪ್ಪಳದ ಥರ ಅಂಚು ಎದ್ದಿತು, ಮ್ಯಾಟಿನ ಕೆಳಗೆ ಕಾಣಿಸಲೂ ಇಲ್ಲ. ಒಂದು ಸಂಜೆ ಎಡಗಾಲು ಅದಕ್ಕೆ ಸಿಕ್ಕಿಕೊಂಡು ಅಪ್ಪಯ್ಯ ಮುಗ್ಗರಿಸಿದರು. ಬೆಲ್ಟ್ ಹಿಡಿದಿದ್ದೆ, ಬೀಳಲಿಲ್ಲ. ಮಾರನೇ ದಿನವೇ ಐಎಸ್ 710 ಮಾರ್ಕ್ ಇರುವ, ನೀರು ತಡೆಯುವ ಮರೈನ್ ಪ್ಲೈ ತಂದು, ಕತ್ತರಿಸಿದ ಅಂಚುಗಳಿಗೆ ಎರಡು ಕೋಟ್ ವಾರ್ನಿಷ್ ಹೊಡೆದು ಹಾಸಿದೆ. ಮೊದಲೇ ಇದನ್ನು ತರಬೇಕಿತ್ತು. ಈಗ ವಾರಕ್ಕೊಂದು ಸಲ ಮ್ಯಾಟ್ ಸುತ್ತಿ ಕೆಳಗೆ ನೋಡುತ್ತೇನೆ, ಬೋಲ್ಟ್‌ಗಳನ್ನು ಒಂದು ಸುತ್ತು ಬಿಗಿ ಮಾಡುತ್ತೇನೆ.

ಒಟ್ಟು ಖರ್ಚು ಒಂಬತ್ತೂವರೆ ಸಾವಿರದ ಹತ್ತಿರ ಬಂತು. ಅದರ ಮೇಲೆ ತಪ್ಪುಗಳಿಗೆ ಕೊಟ್ಟದ್ದು ಎರಡು ಸಾವಿರ.

ಈಗ

ನವರಾತ್ರಿ ಹೊತ್ತಿಗೆ ಅಪ್ಪಯ್ಯ ಕೋಲು ಹಿಡಿದು ಅಂಗಳಕ್ಕೆ ಇಳಿದು ಅಡಿಕೆ ಒಣಹಾಕಿದ್ದನ್ನು ನೋಡಿ ಬೈದು ಬಂದರು. ಎಡ ಪಾದ ಇನ್ನೂ ಸ್ವಲ್ಪ ಅರ್ಧಚಂದ್ರ ಹೊಡೆಯುತ್ತದೆ, ಎಡಗೈ ಇನ್ನೂ ಪೂರಾ ಬಂದಿಲ್ಲ. ಸಂಕದ ಮೇಲೆ ಅಮ್ಮ ಸೀರೆ ಒಣಗಿಸುತ್ತಾರೆ. ವೆಲ್ಡಿಂಗ್‌ನವರು ಹೇಳಿದ್ದು ಕೊನೆಗೂ ನಿಜವಾಯ್ತು.

ಕೆಳಗಿನ ಕೇರಿಯ ಒಬ್ಬ ಅಜ್ಜಿಗೆ ಸೊಂಟದ ಮೂಳೆ ಮುರಿದು ಆಪರೇಷನ್ ಆಗಿದೆ. ಅವರ ಮಗ ಬಂದು ಬಾರ್ ಕೇಳಿದರು. ಎತ್ತರದ್ದು ಸಮಸ್ಯೆ ಇಲ್ಲ, ಬೋಲ್ಟ್ ಬಿಚ್ಚಿ ಇಳಿಸಿದರೆ ಆಯ್ತು. ಅಗಲ ಮಾತ್ರ ನಾನು ಅಪ್ಪಯ್ಯನ ಸೊಂಟಕ್ಕೇ ಬೆಸೆದುಬಿಟ್ಟಿದ್ದೇನೆ. ಅಜ್ಜಿ ದಪ್ಪ, ಅವರಿಗೆ 52 ಸೆಂ.ಮೀ. ಆದರೂ ಬೇಕು. ಹಾಗಾಗಿ ಈ ಭಾನುವಾರ ಕಾಲುಗಳನ್ನು ಪಟ್ಟಿಯಿಂದ ಕುಯ್ದು ತೆಗೆದು, ಕೆಳಗೆ ಒಂದೊಂದು ಪ್ಲೇಟು ಬೆಸೆದು, ಪಟ್ಟಿಯಲ್ಲಿ ಸಾಲಾಗಿ ತೂತು ಹೊಡೆದು ಬೋಲ್ಟ್ ಮಾಡೋದು. ಬೋಲ್ಟಿನ ತಲೆ ಮೇಲೆ ಬರದ ಹಾಗೆ ಕೌಂಟರ್‌ಸಿಂಕ್ ಬೋಲ್ಟು ತಂದಿಟ್ಟಿದ್ದೇನೆ.

ನಿನ್ನೆ ಅಳತೆ ತಗೊಂಡು ಬರೋಣ ಅಂತ ಟೇಪ್ ಜೇಬಿಗೆ ಹಾಕಿಕೊಂಡು ಹೊರಟೆ. ಅಪ್ಪಯ್ಯ ಜಗಲಿಯ ಕುರ್ಚಿಯಲ್ಲಿ ಕೂತಿದ್ದರು. ನಾನು ದಣಪೆ ದಾಟುವವರೆಗೆ ಸುಮ್ಮನಿದ್ದು ಆಮೇಲೆ ಕೂಗಿದರು: "ಚಪ್ಪಲಿ ಹಾಕಿಸಿ ಅಳಿ, ಮಾರಾಯ!"